ಮನೆಯಲ್ಲಿ ಉಳಿದವರ ಪಾಠ

ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಮುಂಜಾನೆಯ ಬಸ್ಸಿನಲ್ಲಿ ಡ್ರೈವರನ ಹಿಂದಿನ ಎರಡನೇ ಸೀಟಿನ ಕಿಟಕಿಯ ಜಾಗವನ್ನು ಈಗ ಯಾರು ಬೇಕಾದರೂ ಹಿಡಿಯುತ್ತಾರೆ. ಮೊನ್ನೆ ಸಕ್ಕರೆ ಕಾರ್ಖಾನೆಗೆ ಹೋಗುವವರೊಬ್ಬರು ಅಲ್ಲಿ ಕೂತು, ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. “ಇದು ಅಕ್ಕೋರ ಜಾಗಾರಿ, ಏಳ್ರಿ” ಎಂಬ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ. ಅಕ್ಕೋರು ತೀರಿಕೊಂಡು ವರ್ಷವಾಗುತ್ತ ಬಂತು.

ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎಂದೇ ಕರೆಯುವುದು. ಆದರೆ ಬನಹಟ್ಟಿಯ ನಮ್ಮ ಹೈಸ್ಕೂಲಿನಲ್ಲಿ ಉಳಿದ ನಾವೆಲ್ಲ ಗಣಿತದ ಅಕ್ಕೋರು, ಹಿಂದಿ ಅಕ್ಕೋರು, ವಿಜ್ಞಾನದ ಅಕ್ಕೋರು. ಹಿಂದೆ ಮುಂದೆ ಏನೂ ಇಲ್ಲದ ಬರೀ ‘ಅಕ್ಕೋರು’ ಅಂದರೆ ಇತಿಹಾಸ ಕಲಿಸುತ್ತಿದ್ದ ಅವರೊಬ್ಬರೇ. ನಾನು ವಿಜ್ಞಾನದವಳು. ಅವರು ನನ್ನ ಹೆಸರನ್ನು ಒಮ್ಮೆಯೂ ಹಿಡಿದು ಕರೆದವರಲ್ಲ. ಮೊದಲ ದಿನದಿಂದ ಕೊನೆಯ ದಿನದವರೆಗೆ ನಾನು ಅವರಿಗೆ ‘ಸೈನ್ಸ್’.

ಆ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಮುಧೋಳದ ಹುಡುಗಿ, ಹೊಸ ನೌಕರಿ, ಜಮಖಂಡಿಯಲ್ಲಿ ಬಾಡಿಗೆ ಕೋಣೆ, ಆ ಶಾಲೆಯಲ್ಲಿ ನಾನೊಬ್ಬಳೇ ಮುಸಲ್ಮಾನಳು. ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಡಬ್ಬಿ ಬಿಚ್ಚದೆ ಕೂತಿದ್ದೆ. ನನ್ನ ಹತ್ತಿರ ಯಾರು ಕೂಡುತ್ತಾರೆ, ಯಾರು ಕೂಡುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆನೆಂದು ಕಾಣುತ್ತದೆ. ಗಿಡ್ಡ ಆಳಿನ, ರೂಪಾಯಿ ಅಗಲದ ಕುಂಕುಮದ ಒಬ್ಬ ಹೆಂಗಸು ಕುರ್ಚಿಯನ್ನು ನೆಲಕ್ಕೆ ಕರಕರ ಎಳೆದುಕೊಂಡು ಬಂದು ಎದುರಿಗೆ ಕೂತರು.

“ಏನ್ ಸೈನ್ಸ್, ಡಬ್ಬ್ಯಾಗ ಏನೈತಿ?”

“ರೊಟ್ಟಿ, ಬದನಿಕಾಯಿ ಪಲ್ಯಾರಿ.”

“ಒಂದು ತಾ ಇಲ್ಲಿ. ನಂದು ಚಪಾತಿ, ಬ್ಯಾಸರಾಗೇತಿ.”

ಅವರು ಮರಾಠಿ ಮಾತಾಡುವ ಬ್ರಾಹ್ಮಣರ ಮನೆಯವರು, ಜಮಖಂಡಿಯಲ್ಲಿ ಸಂಸ್ಥಾನದ ಕಾಲಕ್ಕೆ ಕಾರಕೂನರಾಗಿ ಬಂದು ನೆಲೆಸಿದವರ ಸೊಸೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅಂದು ಕಂಡದ್ದಿಷ್ಟೇ: ಅವರು ನನ್ನ ರೊಟ್ಟಿ ಮುರಿದ ಹೊತ್ತಿಗೆ ರೂಮಿನಲ್ಲಿ ಎಲ್ಲರ ಮಾತು ಒಂದು ಗಳಿಗೆ ನಿಂತಿತು. ಆಮೇಲೆ ಹಿಂದಿ ಅಕ್ಕೋರು ತಮ್ಮ ಶೇಂಗಾ ಚಟ್ನಿಯನ್ನು ನನ್ನ ಕಡೆ ದೂಡಿದರು.

ಮನೆಯಲ್ಲಿ ಮರಾಠಿಯಾದರೂ ಹೊರಗೆ ಅವರು ಆಡುತ್ತಿದ್ದದ್ದು ಬನಹಟ್ಟಿಯ ನೇಕಾರರ ಕನ್ನಡ. ಮಕ್ಕಳಿಂದಲೇ ಕಲಿತೆ ಅನ್ನುತ್ತಿದ್ದರು. ತಲೆ ಎಣಿಸುವಾಗ ಮಾತ್ರ ಮರಾಠಿ ಹೊರಬೀಳುತ್ತಿತ್ತು. ಸಾಲುಗಟ್ಟಿದ ಮಕ್ಕಳನ್ನು ಬೆರಳಿನಿಂದ ಮುಟ್ಟುತ್ತ “ಏಕ, ದೋನ, ತೀನ” ಅನ್ನುತ್ತ ಹೋಗುವರು. ಗಂಡನ ವಿಷಯ ಯಾರಾದರೂ ಕೇಳಿದರೆ “ಅದಾರ” ಎನ್ನುವರು. ಎಲ್ಲಿದ್ದಾರೆ ಎಂದರೆ “ದೂರ ಅದಾರ.” ಅದರ ಮುಂದೆ ಕೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ನಮ್ಮ ಶಾಲೆಯ ಸುತ್ತ ಮೂರು ದಿಕ್ಕಿಗೂ ಸೀರೆ ನೇಯುವ ಪವರ್‌ಲೂಮ್‌ಗಳು. ದಿನವಿಡೀ ಖಟಖಟ ಸದ್ದು. ಕಿಟಕಿ ಮುಚ್ಚಿದರೆ ಸೆಕೆ, ತೆಗೆದರೆ ಪಾಠ ಕೇಳುವುದಿಲ್ಲ. ನಾವೆಲ್ಲ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವರೇ. ಅಕ್ಕೋರೂ ಕೂಗುತ್ತಿದ್ದರು, ಆದರೆ ಇಸವಿ, ಯುದ್ಧ, ರಾಜರ ಹೆಸರು ಇಂಥವನ್ನು ಮಾತ್ರ. ದಿನದಲ್ಲಿ ಒಂದು ಸಲವಾದರೂ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಲೇ ನಿಂತುಬಿಡುತ್ತಿದ್ದವು. ಇಡೀ ಊರಿಗೆ ಕಿವಿ ಮುಚ್ಚಿದಂಥ ಮೌನ. ಆಗ ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದ ನನಗೂ ಅವರ ದನಿ ಕೇಳುತ್ತಿತ್ತು.

“ಕರೆಂಟ್ ಹೋತು. ಪುಸ್ತಕ ಮುಚ್ಚರಿ. ಈಗ ಖರೇ ಪಾಠ.”

ನಾನು ನನ್ನ ಪಾಠ ನಿಲ್ಲಿಸಿ ಗೋಡೆಗೆ ಕಿವಿ ಕೊಟ್ಟದ್ದುಂಟು. ನನ್ನ ಮಕ್ಕಳೂ ಕೊಡುತ್ತಿದ್ದರು.

ಎಂಟನೆಯ ಇಯತ್ತೆಗೆ ಜಗತ್ತಿನ ಧರ್ಮಗಳ ಉದಯದ ಪಾಠವಿತ್ತು. ಯಾವ ಧರ್ಮ, ಯಾರು ಸ್ಥಾಪಕರು, ಯಾವ ಗ್ರಂಥ, ತತ್ವಗಳೆಷ್ಟು ಎಂದು ನಾವೆಲ್ಲ ಬಾಯಿಪಾಠ ಮಾಡಿ ಮರೆತ ಪಾಠ. ಅಕ್ಕೋರು ಅದನ್ನು ಒಂದೇ ದಿನದಲ್ಲಿ ಬರೆಸಿ ಮುಗಿಸುತ್ತಿದ್ದರು. ಮರುದಿನ ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಮನೆ ಮಾಡುವರು. ಮೊದಲ ಮನೆಯ ನೆತ್ತಿಯ ಮೇಲೆ ‘ಹೋದವರು’, ಎರಡನೆಯದರ ಮೇಲೆ ‘ಯಾಕೆ ಹೋದರು’, ಮೂರನೆಯದರ ಮೇಲೆ ‘ಉಳಿದವರು’.

“ಬುದ್ಧ ಮನಿ ಬಿಟ್ಟು ಹ್ವಾದ. ಯಾಕ ಹ್ವಾದ?”

“ದುಃಖ ಯಾಕ ಬರ್ತೈತಿ ಅಂತ ತಿಳ್ಕೊಳ್ಳಾಕ್ರೀ!”

“ಛಲೋ. ಮನ್ಯಾಗ ಯಾರು ಉಳದ್ರು?”

ಅದು ಪುಸ್ತಕದಲ್ಲಿ ಇರಲಿಲ್ಲ. ಯಾರೋ ಒಬ್ಬಳು ಮೆಲ್ಲಗೆ “ಹೆಂಡ್ತಿ ರೀ, ಸಣ್ಣ ಕೂಸು ರೀ” ಅಂದರೆ ಅಕ್ಕೋರು ಸೀಮೆಸುಣ್ಣವನ್ನು ಅವಳ ಕೈಗೇ ಕೊಡುವರು. “ಬಂದು ಬರಿ.”

ಹೀಗೆ ಒಂದೊಂದೇ ಸಾಲು ತುಂಬುತ್ತಿತ್ತು. ಯೆಹೂದಿಗಳ ಮೋಶೆ ಒಬ್ಬನೇ ಹೋದದ್ದಲ್ಲ, ಇಡೀ ಜನವನ್ನೇ ಗುಲಾಮಗಿರಿಯಿಂದ ಎಬ್ಬಿಸಿಕೊಂಡು ಹೋದ. ಪಾರಸಿಗಳು ತಮ್ಮ ದೇಶ ಬಿಟ್ಟು ಬರುವಾಗ ಒಲೆಯ ಬೆಂಕಿ ಆರಲು ಬಿಡದಂತೆ ತಮ್ಮ ದೇವರ ಬೆಂಕಿಯನ್ನು ಕಾಪಾಡಿಕೊಂಡರು. ಏಸು ಶಿಲುಬೆಯ ಮೇಲಿದ್ದಾಗ ಓಡಿಹೋಗದೆ ನಿಂತವರಲ್ಲಿ ತಾಯಿ ಇದ್ದಳು. ನಾನಕರು ವರ್ಷಗಟ್ಟಲೆ ದೇಶ ತಿರುಗಿ, ಕೊನೆಗೆ ಹೆಂಡತಿ ಮಕ್ಕಳ ಹತ್ತಿರ ಬಂದು ಹೊಲ ಮಾಡಿಕೊಂಡು ಇದ್ದರು. ಬಸವಣ್ಣ ಮನೆ ಬಿಟ್ಟು ಸಂಗಮಕ್ಕೆ ಬಂದಾಗ ಅಕ್ಕನೂ ಜತೆಗಿದ್ದಳೆಂದು ಹೇಳುತ್ತಾರೆ. ಇಲ್ಲಿಗೆ ಬಂದಾಗ ಅರ್ಧ ತರಗತಿ ಒಮ್ಮೆಲೇ ಎದ್ದು ಕೂಡುತ್ತಿತ್ತು, ಏಕೆಂದರೆ ಸಂಗಮ ಅವರೆಲ್ಲ ನೋಡಿ ಬಂದ ಜಾಗ.

ಹಿಂದೂ ಧರ್ಮದ ಸಾಲಿನಲ್ಲಿ ಮೊದಲ ಮನೆ ಖಾಲಿ ಬಿಡುವರು. “ಇದನ್ನ ಯಾರು ಶುರು ಮಾಡಿದ್ರು ಅಂತ ಒಬ್ಬರ ಹೆಸರು ಹೇಳಾಕ ಬರಾಂಗಿಲ್ಲ. ಹೊಳಿ ಎಲ್ಲಿಂದ ಹುಟ್ಟಿತು ಅಂದ್ರ ತೋರಸಬಹುದು. ಹತ್ತು ಹೊಳಿ ಕೂಡಿದ ನೀರಿಗೆ ಏನ್ ಹೇಳ್ತೀ?” ಎಂದು, ಆಮೇಲೆ ಹಳೆಯ ಕಾಲದ ಒಬ್ಬ ಋಷಿಯ ಕಥೆ ಹೇಳುವರು. ಆತ ಕಾಡಿಗೆ ಹೊರಡುವ ಮುನ್ನ ಇಬ್ಬರು ಹೆಂಡಂದಿರಲ್ಲಿ ಒಬ್ಬಳನ್ನು ಕರೆದು, ನಾನು ಹೋಗುತ್ತೇನೆ, ಇದ್ದದ್ದನ್ನು ನಿಮ್ಮಿಬ್ಬರಿಗೂ ಹಂಚಿ ಹೋಗುತ್ತೇನೆ ಎಂದ. ಅವಳು, ನಿನಗೆ ಗೊತ್ತಿರುವ ದೊಡ್ಡ ಮಾತು ಏನಿದೆಯೋ ಅದನ್ನು ನನಗೂ ಹೇಳು ಎಂದಳು. ಆತ ಕೂತು ಹೇಳಿದ.

“ಕೂಡ್ರಿಸಿ ಹೇಳಿ ಹ್ವಾದ,” ಎಂದು ಅಕ್ಕೋರು ಎರಡೆರಡು ಸಲ ಅನ್ನುವರು. ಆಗ ಅವರ ದನಿ ಯಾಕೆ ಹಾಗಾಗುತ್ತದೆಂದು ನನಗೆ ತಿಳಿಯುತ್ತಿರಲಿಲ್ಲ.

ನಾನು ಹೊಸದಾಗಿ ಓದಿ ಬಂದವಳು, ಉತ್ತರ ಸರಿಯೋ ತಪ್ಪೋ ಎಂಬುದೇ ನನಗೆ ಮುಖ್ಯ. ಒಮ್ಮೆ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. “ಇಷ್ಟೆಲ್ಲಾ ಧರ್ಮದ್ದು ಓದೀರಿ. ಯಾರದ್ದು ಖರೆ ಅನಸ್ತೈತ್ರಿ ನಿಮಗ?”

ಅವರು ಕಿಟಕಿಯ ಹೊರಗಿನ ಕಬ್ಬಿನ ಗದ್ದೆ ನೋಡುತ್ತ ಹೇಳಿದರು: “ಅದು ನನ್ನ ಪ್ರಶ್ನಿ ಅಲ್ಲ ಸೈನ್ಸ್. ಅದನ್ನ ದೊಡ್ಡವ್ರು ನೋಡ್ಕೋತಾರ. ಉಣ್ಣೂದು ಬಿಟ್ಟು, ಮಲಗೂದು ಬಿಟ್ಟು, ಮಂದಿ ಯಾಕ ಎದ್ದು ಹೋಗ್ತಾರ? ನಂದು ಅದೊಂದ ಪ್ರಶ್ನಿ.”

ತಪ್ಪು ತಿದ್ದಿಸಿಕೊಳ್ಳುವುದರಲ್ಲಿ ಅವರಷ್ಟು ಖುಷಿಪಡುವವರನ್ನು ನಾನು ಕಂಡಿಲ್ಲ. ಮಹಾವೀರನ ಸಾಲಿನಲ್ಲಿ ಒಮ್ಮೆ ಅವರು ಹೆಂಡತಿ, ಮಗಳು ಎಂದು ಬರೆದಾಗ ರಬಕವಿಯ ಜೈನರ ಹುಡುಗಿಯೊಬ್ಬಳು ಎದ್ದು ನಿಂತಳು. “ಇಲ್ರಿ ಅಕ್ಕೋರ. ನಮ್ಮ ಆಯಿ ಹೇಳ್ಯಾಳ, ಅವರ ಲಗ್ನಾನೇ ಆಗಿಲ್ರಿ.” ಬೇರೆಯವರಾಗಿದ್ದರೆ ಕೂಡು ಎನ್ನುತ್ತಿದ್ದರು. ಅಕ್ಕೋರು ಆ ಸಂಜೆಯೇ ನನ್ನನ್ನೂ ಕರೆದುಕೊಂಡು ಅವಳ ಮನೆಗೆ ಹೋದರು. ಆಯಿ, ಅಂದರೆ ಅವಳ ಅಜ್ಜಿ, ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದರು. ಅವರು ದಿಗಂಬರರ ಮಾತು ಬೇರೆ, ಶ್ವೇತಾಂಬರರ ಮಾತು ಬೇರೆ ಎಂಬುದನ್ನೆಲ್ಲ ಬಿಡಿಸಿ ಹೇಳಿದರು. ಅಕ್ಕೋರು ಮೊರದ ಆ ಬದಿಗೆ ಕೂತು ತಾವೂ ಅಕ್ಕಿ ಆರಿಸುತ್ತ ಕೇಳಿದರು.

“ಶ್ವೇತಾಂಬರರೂ ಒಂದು ಮಾತು ಹೇಳ್ತಾರಲ್ರಿ ಆಯಿ, ತಾಯಿ ತಂದಿ ಇರೂತನ ಮನಿ ಬಿಡಲಿಲ್ಲ, ಆಮ್ಯಾಲೂ ಅಣ್ಣನ್ನ ಕೇಳಿ ಹ್ವಾದ್ರು ಅಂತ?”

“ಹಂಗಂತ ಅವರು ಹೇಳ್ತಾರವಾ.”

“ಕೇಳಿ ಹ್ವಾದ್ರು,” ಎಂದರು ಅಕ್ಕೋರು. ಮತ್ತೆ ಅಕ್ಕಿ ಆರಿಸತೊಡಗಿದರು.

ಮುಧೋಳದ ನಮ್ಮ ಮನೆಗೂ ಹಾಗೆಯೇ ಬಂದರು. ಇಸ್ಲಾಂ ಧರ್ಮದ ಬಗ್ಗೆ ಓದಿದ್ದೇನೆ, ಆದರೆ ಮನೆಯ ಹೆಣ್ಣುಮಕ್ಕಳು ಅದನ್ನು ಹೇಗೆ ಹೇಳುತ್ತಾರೆಂದು ಕೇಳಬೇಕು ಅಂದರು. ನನ್ನ ತಾಯಿ ಓದು ಬರಹ ಕಲಿತವಳಲ್ಲ. ಅಕ್ಕೋರು ಬರುತ್ತಾರೆಂದು ಹೆದರಿ ಬೆಳಿಗ್ಗೆಯಿಂದ ಮನೆ ಸಾರಿಸಿದ್ದಳು. ಅವರು ಬಂದು ಕೆಳಗೆ ಚಾಪೆಯ ಮೇಲೆ ಕೂತದ್ದೇ ಅವಳ ಹೆದರಿಕೆ ಹೋಯಿತು.

“ಪೈಗಂಬರರು ಗುಡ್ಡದ ಗವಿಯೊಳಗ ಒಬ್ಬರ ಕುಂತಿದ್ರರಿ,” ಎಂದು ಅಮ್ಮ ಶುರುಮಾಡಿದಳು. “ದೇವರ ಮಾತು ಬಂತು. ಗಡಗಡ ನಡುಗಾಕ ಹತ್ತಿದ್ರು. ಸೀದಾ ಮನಿಗೆ ಬಂದ್ರು. ಹೊಚ್ಚು, ನನಗ ಹೊಚ್ಚು ಅಂದ್ರು. ಬೀಬಿ ಖದೀಜಾ ಚಾದರ ಹೊಚ್ಚಿದ್ರು. ನಡುಕ ನಿಂತಮ್ಯಾಲೆ ಕೇಳಿದ್ರು. ದೇವರು ನಿಮ್ಮ ಕೈ ಬಿಡೂದಿಲ್ಲ ಅಂದ್ರು. ಎಲ್ಲಾರಕಿಂತ ಮೊದಲ ನಂಬಿದವ್ರು ಅವ್ರ ರೀ.”

“ಇನ್ನೊಮ್ಮೆ ಹೇಳ್ರಿ ಅಮ್ಮಾರ.”

“ಏನನ್ರಿ?”

“ಸೀದಾ ಮನಿಗೆ ಬಂದ್ರು ಅಂದ್ರೆಲ್ಲ. ಅದನ್ನ.”

ಅಮ್ಮ ನನ್ನ ಮುಖ ನೋಡಿದಳು. ಅಕ್ಕೋರ ಕಣ್ಣಲ್ಲಿ ನೀರು ತುಂಬಿತ್ತು. ಅಮ್ಮ ಯಾಕೆಂದು ಕೇಳಲಿಲ್ಲ. ಮತ್ತೊಮ್ಮೆ ಮೊದಲಿನಿಂದ, ಈ ಸಲ ಇನ್ನೂ ನಿಧಾನವಾಗಿ ಹೇಳಿದಳು.

ಯಾಕೆಂಬುದು ನನಗೆ ತಿಳಿದದ್ದು ನಾಲ್ಕು ವರ್ಷದ ಮೇಲೆ, ಒಂದು ಕಾರ್ತಿಕದ ಮುಂಜಾನೆ ಬಸ್ಸಿನಲ್ಲಿ. ಅಕ್ಕೋರು ಚೀಲದಿಂದ ನಾಲ್ಕು ಮಡಿಕೆ ಮಾಡಿದ ಒಂದು ಹ್ಯಾಂಡ್‌ಬಿಲ್ ತೆಗೆದು ನನ್ನ ಕೈಗಿಟ್ಟರು. ಬೀಳಗಿಯ ಆಚೆ ಕೃಷ್ಣೆಯ ಹಿನ್ನೀರಿನ ದಂಡೆಯ ಆಶ್ರಮವೊಂದರಲ್ಲಿ ಮೂರು ದಿನ ಎಲ್ಲ ಧರ್ಮಗಳ ಸಾರದ ಮೇಲೆ ಪ್ರವಚನ. ಉತ್ತರದಿಂದ ಬಂದ ಸ್ವಾಮಿಗಳೊಬ್ಬರ ಚಿತ್ರ. ಬಿಳಿ ಗಡ್ಡ, ಕಾವಿ.

“ಹೋಗೂಣೇನ್ರಿ?” ಎಂದೆ. ಅವರಿಗೆ ಇಷ್ಟದ ವಿಷಯವಲ್ಲವೇ ಎಂದುಕೊಂಡೆ.

“ಗಡ್ಡ ಬೆಳದ್ರೂ ಕಿವಿ ಬದಲಾಗೂದಿಲ್ಲ ನೋಡು,” ಎಂದರು ಅಕ್ಕೋರು. “ಇವ್ರು ನಮ್ಮ ಮನಿಯವ್ರು.”

ಬಸ್ಸು ಬನಹಟ್ಟಿ ಮುಟ್ಟುವವರೆಗೆ ಅವರು ಹೇಳಿದ್ದನ್ನು ಇಲ್ಲಿ ಇಷ್ಟರಲ್ಲೇ ಹೇಳಬಲ್ಲೆ. ಅವರಿಗೆ ಆಗ ಇಪ್ಪತ್ತೆರಡು. ಲಗ್ನವಾಗಿ ಮೂರು ವರ್ಷ. ಗಂಡ ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತ. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದರು. ಮೆಂತೆ ಪಲ್ಯವನ್ನು ಎರಡನೇ ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದು, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು, ಆಫೀಸಿಗೆ ಎಂದು ಹೋದರು. ಮನೆಯಲ್ಲಿ ಜಗಳವಿರಲಿಲ್ಲ, ಒಂದು ಬಿರುಸು ಮಾತೂ ಇರಲಿಲ್ಲ. ಎರಡು ತಿಂಗಳ ಮೇಲೆ ಉತ್ತರದ ಯಾವುದೋ ಊರಿನಿಂದ ಮಾವನ ಹೆಸರಿಗೆ ಒಂದು ಕಾರ್ಡು ಬಂತು: ದೀಕ್ಷೆ ತೆಗೆದುಕೊಂಡಿದ್ದೇನೆ, ಹುಡುಕಬೇಡಿ. ಅದರಲ್ಲಿ ಹೆಂಡತಿಯ ಹೆಸರು ಇರಲಿಲ್ಲ.

ಅತ್ತೆ, ನೀನೇ ಏನೋ ಅಂದಿರಬೇಕು ಎಂದು ಅತ್ತರು. ಮಾವ ಮಾತ್ರ ಆ ಕಾರ್ಡನ್ನು ಹರಿದು, ಸೊಸೆಗೆ ಶಿಕ್ಷಕರ ಕಾಲೇಜಿನ ಅರ್ಜಿ ತಂದುಕೊಟ್ಟರು. ಅಕ್ಕೋರು ನೌಕರಿ ಹಿಡಿದರು, ಅತ್ತೆ ಮಾವನನ್ನು ಕೊನೆಯವರೆಗೆ ನೋಡಿಕೊಂಡರು. ಸಿಕ್ಕ ಸಿಕ್ಕ ಧರ್ಮದ ಪುಸ್ತಕಗಳನ್ನೆಲ್ಲ ಓದಿದರು.

“ಮೊದಲ ಮೊದಲ ನಮ್ಮ ಪುಸ್ತಕ ಅಷ್ಟ ಓದಿದೆ. ಅದರಾಗ ಸಿಗಲಿಲ್ಲ. ಬುದ್ಧನ್ನ ಹಿಡದೆ. ಜೈನರದ್ದು, ಮುಸಲ್ಮಾನರದ್ದು, ಕ್ರಿಶ್ಚನ್ನರದ್ದು. ನನಕಿಂತ ದೊಡ್ಡದು ಏನೈತಿ ಅಲ್ಲಿ, ಅದನ್ನೊಮ್ಮೆ ನೋಡಬೇಕಿತ್ತು ನಾನು,” ಎಂದರು. ಆಮೇಲೆ, “ಐತವಾ. ದೊಡ್ಡದು ಐತಿ. ಇಲ್ಲ ಅನ್ನೂದಿಲ್ಲ. ಆದ್ರ ಒಂದು ಮಾತು ಹೇಳಿ ಹೋಗಾಕ ಅದು ಅಡ್ಡ ಬರ್ತೈತೇನು?”

ಬೀಳಗಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟಂಟಂ ರಿಕ್ಷಾ ಹಿಡಿದು ಆಶ್ರಮ ಮುಟ್ಟಿದೆವು. ರವಿವಾರ. ಮಂಟಪದ ತುಂಬ ಜನ. ಅಕ್ಕೋರು ದಿನ ಉಡುವ ನೂಲಿನ ಸೀರೆಯನ್ನೇ ಉಟ್ಟಿದ್ದರು. ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಕೂತೆವು. ಸ್ವಾಮಿಗಳು ಬಂದು ಪೀಠದ ಮೇಲೆ ಕೂತಾಗ ನಾನು ಅಕ್ಕೋರ ಮುಖ ನೋಡಿದೆ. ಅವರು ಚಾಳೀಸಿನ ಗಾಜು ಒರೆಸುತ್ತಿದ್ದರು.

ಪ್ರವಚನ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ದನಿ ಸಣ್ಣದಾದರೂ ಮಾತು ಸ್ವಚ್ಛ. ಪುಸ್ತಕದ ಕನ್ನಡ, ನಡುನಡುವೆ ಹಿಂದಿ. ಬುದ್ಧ, ಮಹಾವೀರ, ಏಸು, ಪೈಗಂಬರರು, ನಾನಕ್ ಎಲ್ಲರೂ ಬಂದರು. ಮಹಾಪುರುಷರೆಲ್ಲ ಮನೆ ಬಿಟ್ಟರು, ಬಿಟ್ಟದ್ದರಿಂದಲೇ ಜಗತ್ತಿಗೆ ಧರ್ಮ ದೊರೆಯಿತು ಎಂದು ಮುಗಿಸಿದರು. ಸಂಘಟಕರು ಯಾರಿಗಾದರೂ ಪ್ರಶ್ನೆ ಇದ್ದರೆ ಕೇಳಬಹುದು ಎಂದರು.

ಅಕ್ಕೋರು ಎದ್ದು ನಿಂತರು. ಮೈಕ್ ಕೊಡಲು ಬಂದವನಿಗೆ ಬೇಡ ಎಂದು ಕೈ ಮಾಡಿದರು. ಮಗ್ಗದ ಸದ್ದಿನ ಮೇಲೆ ಪಾಠ ಮಾಡಿದ ಗಂಟಲು.

“ನಾ ಸಾಲಿ ಕಲಸಾಕಿರಿ. ಮಕ್ಕಳಿಗೆ ಇದ ಪಾಠ ಹೇಳ್ತೇನಿ. ಎಲ್ಲಾರೂ ಬಿಟ್ರು ಅಂದ್ರಿ. ಪೈಗಂಬರರು ನಡುಕ ಬಂದಾಗ ಸೀದಾ ಮನಿಗೇ ಬಂದ್ರು. ನಾನಕರು ದೇಶ ತಿರುಗಿ ತಿರುಗಿ ಮನಿಗೆ ಬಂದ್ರು. ಮಹಾವೀರರು ಕೇಳಿ ಹ್ವಾದ್ರು ಅಂತಾರ. ಋಷಿಗಳು ಹೆಂಡ್ತಿನ್ನ ಕೂಡ್ರಿಸಿ ಹೇಳಿ ಹ್ವಾದ್ರು. ಬುದ್ಧ ಹೇಳದೆ ಹ್ವಾದ, ಆದ್ರ ತಿರುಗಿ ಬಂದಾಗ ಹೆಂಡ್ತಿ ಇದ್ದ ಕೋಣಿಗೆ ತಾನ ನಡಕೊಂಡು ಹ್ವಾದ. ಹೇಳದನೂ ಹೋಗಿ, ತಿರುಗಿನೂ ಬರದವ್ರು ಯಾವ ಧರ್ಮದಾಗೂ ನನಗ ಸಿಕ್ಕಿಲ್ರಿ. ನೀವು ಬಲ್ಲವ್ರು. ಅಂಥವ್ರು ಯಾರಾದ್ರೂ ನಿಮಗ ಗೊತ್ತದಾರೇನ್ರಿ?”

ಜನ ಇದನ್ನೊಂದು ಒಳ್ಳೆಯ ಪ್ರಶ್ನೆ ಎಂದುಕೊಂಡು ತಲೆದೂಗಿದರು. ಸ್ವಾಮಿಗಳು ಅವರನ್ನು ನೋಡಿದರು. ನೋಡುತ್ತಲೇ ಇದ್ದರು. ತೊಡೆಯ ಮೇಲಿದ್ದ ಕೈಯೊಂದು ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಬಂದು ಕೂತಿತು. ಆಮೇಲೆ ಅವರು ಹೇಳಿದ್ದು ಕನ್ನಡದಲ್ಲಲ್ಲ, ಹಿಂದಿಯಲ್ಲೂ ಅಲ್ಲ.

“ಸಾಂಗಿತಲಂ ಅಸತಂ, ತರ ಜಾತಾ ಆಲಂ ನಸತಂ.”

ಜಮಖಂಡಿಯ ಅವರ ಮನೆಯ ಮರಾಠಿ. ಹೇಳಿದ್ದರೆ, ಹೋಗಲು ಆಗುತ್ತಿರಲಿಲ್ಲ.

ಸುತ್ತಲಿನವರಿಗೆ ಅದೊಂದು ಅಭಂಗದ ಸಾಲಿನಂತೆ ಕೇಳಿಸಿರಬೇಕು. ಸಂಘಟಕರು ಮಂಗಳಾರತಿ ಎಂದು ಕೂಗಿದರು. ಅಕ್ಕೋರು ಕೂತರು, ಮಂಗಳಾರತಿ ಮುಗಿಯುವವರೆಗೂ ಕೂತಿದ್ದರು. ಪ್ರಸಾದದ ಸಾಲಿಗೆ ಹೋಗಲಿಲ್ಲ. ಅಲ್ಲಿದ್ದ ನಲ್ಲಿಯಲ್ಲಿ ನೀರು ಕುಡಿದು, “ನಡಿ ಸೈನ್ಸ್” ಎಂದರು.

ಬೀಳಗಿ ಬಸ್ ನಿಲ್ದಾಣದಲ್ಲಿ ಅವರು ಮಿರ್ಚಿ ಭಜಿ ತಿಂದರು. ಒಂದು ಪ್ಲೇಟು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಖಾರಕ್ಕೋ ಏನೋ ಮೂಗು ಕಣ್ಣು ಎಲ್ಲ ಸುರಿಯುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತ ತಿಂದರು. ಬಸ್ಸು ಹೊರಟ ಮೇಲೆ ಅವರೇ ಅಂದರು:

“ಮೂವತ್ತನಾಕು ವರ್ಷ ನಾ ಸಣ್ಣಾಕಿ ಅಂದ್ಕೊಂಡಿದ್ದೆ. ಕಾಣದಷ್ಟು ಸಣ್ಣಾಕಿ, ಅದಕ್ಕ ನನ್ನ ಹೆಸರು ಬರಿಲಿಲ್ಲ ಅಂತ.” ಸ್ವಲ್ಪ ತಡೆದು, “ಅಲ್ಲಂತ,” ಎಂದರು.

ಅಷ್ಟು ಹೇಳಿ ನಕ್ಕರು. ಮುಂದಿನ ಸ್ಟಾಪು ಬರುವುದರೊಳಗೆ ಸಿಟ್ಟಾದರು. “ಒಂದ ಮಾತು! ಅದನ್ನ ಆ ಕಾರ್ಡಿನ್ಯಾಗ ಬರದಿದ್ರ ಏನಾಗ್ತಿತ್ತು?” ಜಮಖಂಡಿ ಮುಟ್ಟುವವರೆಗೆ ಹೀಗೆ ನಗು, ಸಿಟ್ಟು, ಮೌನ ಒಂದರ ಹಿಂದೊಂದು ಬಂದು ಹೋದವು.

ಆ ವರ್ಷವೂ ಎಂಟನೆಯ ಇಯತ್ತೆಗೆ ಅದೇ ಪಾಠ ಮಾಡಿದರು. ನಾನು ಗೋಡೆಗೆ ಕಿವಿಯಿಟ್ಟು ಕಾದೆ. ಕರೆಂಟು ಹೋಯಿತು. ಬುದ್ಧನ ಸಾಲಿಗೆ ಬಂದಾಗ ಒಬ್ಬ ಹುಡುಗಿ, “ಅಂವಾ ಹೇಳಿ ಹೋಗಬೇಕಿತ್ರಿ ಅಕ್ಕೋರ” ಎಂದಳು. ಯಾವಾಗಲೂ ಹೌದೆನ್ನುತ್ತಿದ್ದವರು ಆ ದಿನ, “ಹೇಳೂದು ಭಾಳ ತ್ರಾಸ ಇರ್ತದವಾ” ಎಂದರು. ಕ್ಷಮಿಸಿದ್ದರೆಂದು ನಾನು ಹೇಳಲಾರೆ. ಆದರೆ ಅಂದಿನಿಂದ ಅವರು ಹೋದವರ ಕಥೆಯನ್ನೂ ಉಳಿದವರದ್ದರಷ್ಟೇ ನಿಧಾನವಾಗಿ ಹೇಳತೊಡಗಿದರು.

ಎರಡು ವರ್ಷದ ಮೇಲೆ, ಶಾಲೆಯ ಹೊತ್ತಿನಲ್ಲೇ ಅವರಿಗೊಂದು ಫೋನು ಬಂತು. ಆಶ್ರಮದವರು ಮಾಡಿದ್ದರು. ಪೂರ್ವಾಶ್ರಮದ ಮನೆಗೆ ತಿಳಿಸಿ ಎಂದು ಸ್ವಾಮಿಗಳೇ ನಂಬರು ಹುಡುಕಿಸಿ ಬರೆಸಿಟ್ಟಿದ್ದರಂತೆ. ಅಕ್ಕೋರು ಸ್ಟಾಫ್ ರೂಮಿಗೆ ಬಂದು ಅರ್ಧ ದಿನದ ರಜೆಯ ಚೀಟಿ ಬರೆದರು. ಹೆಡ್‌ಮಾಸ್ತರರು ಅದನ್ನು ಓದಿ ಗಾಬರಿಯಾಗಿ ನನ್ನನ್ನು ಕರೆದು ತೋರಿಸಿದರು. ಕಾರಣ ಎಂಬಲ್ಲಿ ಒಂದೇ ಶಬ್ದವಿತ್ತು: ಸ್ನಾನ.

“ಇದೇನ್ರಿ ಇದು? ಅಕ್ಕೋರಿಗೆ ಆರಾಮಿಲ್ಲೇನು?”

“ಸಹಿ ಮಾಡಿಬಿಡ್ರಿ ಸರ್,” ಎಂದೆ.

ಸನ್ಯಾಸಿ ತೀರಿಕೊಂಡರೆ ಹಿಂದಿನ ಮನೆಯವರಿಗೆ ಸೂತಕವಿಲ್ಲ, ಒಂದು ಸ್ನಾನ ಮಾಡಿದರೆ ಆಯಿತು ಎಂದು ಬಸ್ಸಿನಲ್ಲಿ ಅವರೇ ಹೇಳಿದರು. ಅವರ ಜತೆ ನಾನೂ ಹೋದೆ. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಬರುತ್ತಿತ್ತು. ತಂಬಿಗೆಯ ಮೇಲೆ ತಂಬಿಗೆ. ಮರುದಿನ ಬಸ್ಸಿಗೆ ಬಂದಾಗ ಹಣೆಯ ಮೇಲೆ ಕುಂಕುಮ ಎಂದಿನಷ್ಟೇ ಅಗಲವಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಸನ್ಯಾಸಿ ಹೆಂಡ್ತಿ ಯಾವಾಗ ಮುತ್ತೈದಿ, ಯಾವಾಗ ಅಲ್ಲ ಅನ್ನೂದನ್ನ ಎಲ್ಲಾ ಕಡೆ ಹುಡಿಕೀನಿ ಸೈನ್ಸ್. ನನಗ ಸಮಾಧಾನ ಆಗೂ ಹಂಗ ಯಾರೂ ಬರದಿಲ್ಲ. ಅದಕ್ಕ ನಾನ ಠರಾಯಿಸೇನಿ.”

ನಿವೃತ್ತಿಯ ದಿನ ಹಾರ, ಭಾಷಣ ಎಲ್ಲ ಇದ್ದವು. ಅವರು ಎರಡೇ ಮಾತಾಡಿ ಕೂತರು. ನಾವು ಅಳುತ್ತಿದ್ದರೆ, “ಏಳ್ರಿ, ಬಸ್ ಹೋಗ್ತೈತಿ” ಎಂದರು. ಆಮೇಲೆ ಜಮಖಂಡಿಯಲ್ಲಿ ತಂಗಿಯ ಮಗಳ ಮನೆಯ ಹತ್ತಿರ ಎರಡು ಕೋಣೆ ಮಾಡಿಕೊಂಡಿದ್ದರು. ನಾನೂ ಅದೇ ಊರಿನಲ್ಲಿ ಬಾಡಿಗೆಗೆ ಇದ್ದೇನೆ, ವಾರಕ್ಕೊಮ್ಮೆ ಹೋಗುತ್ತಿದ್ದೆ. ಹೋದರೆ ಚುರುಮುರಿ, ಚಹಾ, ಓದಿದ ಹೊಸದೊಂದು ಸಂಗತಿ. ಜಪಾನಿನವರ ದೇವರುಗಳ ಬಗ್ಗೆ, ಚೀನದ ಹಳೆಯ ಗುರುಗಳ ಬಗ್ಗೆ ಆಗ ಓದುತ್ತಿದ್ದರು. ಅಲ್ಲಿ ಮನೆಯೊಳಗೇ ತೀರಿಹೋದ ಹಿರಿಯರಿಗೆ ಊಟ ಇಡುತ್ತಾರಂತೆ ಎಂದು ಒಂದು ವಾರವಿಡೀ ಖುಷಿಯಲ್ಲಿದ್ದರು. ಆಮೇಲೆ ಮೈಯಲ್ಲಿ ನೀರು ತುಂಬಿತು, ಉಸಿರಾಡುವುದು ಕಷ್ಟವಾಯಿತು.

ಕಳೆದ ಶ್ರಾವಣದ ಒಂದು ಗುರುವಾರ ಮಧ್ಯಾಹ್ನ, ನಾನು ತರಗತಿಯಲ್ಲಿದ್ದಾಗ, ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಳೆಯ ಲಕ್ಷಣವಿದೆಯೆಂದು ಎಲ್ಲ ಮುಗಿಸಿಬಿಟ್ಟಿದ್ದರು. ಮುಧೋಳದಿಂದ ನನ್ನ ತಾಯಿ ಬಂದಳು. ಆ ಖಾಲಿ ಕೋಣೆಯಲ್ಲಿ ಕೂತು ತನಗೆ ಬರುವ ಪ್ರಾರ್ಥನೆಯನ್ನು ಹೇಳಿದಳು. ಅಕ್ಕೋರ ತಂಗಿಯ ಮಗಳು ಬಾಗಿಲಲ್ಲಿ ಕೈಮುಗಿದು ನಿಂತಿದ್ದಳು.

ಅದಕ್ಕೆ ನಾಲ್ಕು ದಿನ ಮೊದಲು, ರವಿವಾರ, ನಾನು ಅವರನ್ನು ನೋಡಲು ಹೋಗಿದ್ದೆ. ಅಷ್ಟೊತ್ತಿಗೆ ಅವರ ಕನ್ನಡ ಹೆಚ್ಚುಕಡಿಮೆ ಹೋಗಿತ್ತು. ಕೇಳಿದ್ದಕ್ಕೆಲ್ಲ ಮರಾಠಿಯಲ್ಲೇ ಉತ್ತರ. ನನ್ನನ್ನು ಸೈನ್ಸ್ ಎಂದು ಕರೆಯುವುದು ಮಾತ್ರ ಉಳಿದಿತ್ತು. ಗಂಜಿ ಕುಡಿಸಿದೆ. ಕಾಲು ಒತ್ತಿದೆ. ಸಂಜೆಯಾಗುತ್ತ ಬಂತು. ಮುಧೋಳಕ್ಕೆ ಬರುತ್ತೇನೆಂದು ಅಮ್ಮನಿಗೆ ಹೇಳಿದ್ದೆ. ಬಸ್ಸಿನ ಹೊತ್ತಾಯಿತು ಎಂದು ಚೀಲ ಎತ್ತಿಕೊಂಡು ಎದ್ದೆ. ಇಷ್ಟು ವರ್ಷ ನಾನು ಏಳುವ ಮೊದಲೇ “ಹೋಗು, ಹೊತ್ತಾತು” ಎನ್ನುತ್ತಿದ್ದವರು ಅವರೇ. ನೆಂಟರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ಯಾರಿಗೂ ಇರು ಎಂದು ಅವರು ಅಂದದ್ದನ್ನು ನಾನು ಕೇಳಿಯೇ ಇಲ್ಲ. ಬಾಗಿಲವರೆಗೆ ಬಂದು ಕಳಿಸಿ, ಬೇಗ ಬೇಗ ಒಳಗೆ ಹೋಗಿಬಿಡುವರು.

ಅಂದು ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡರು. ಹಿಡಿತದಲ್ಲಿ ಬಲವೇನೂ ಇರಲಿಲ್ಲ.

“ಬಸ ಗ ಥೋಡಾ ವೇಳ,” ಎಂದರು. ಸ್ವಲ್ಪ ಹೊತ್ತು ಕೂಡ್ರೇ.

ಚೀಲ ಕೆಳಗಿಟ್ಟು ಕೂತೆ. ಸೆರಗನ್ನು ಅವರ ಕೈಯಲ್ಲೇ ಬಿಟ್ಟೆ. ಅಮ್ಮನಿಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ಅವರಿಗೆ ನಿದ್ದೆ ಹತ್ತಿ ಬೆರಳು ಸಡಿಲಾಗುವವರೆಗೆ ಕೂತಿದ್ದೆ. ಆಮೇಲೂ ಕೂತಿದ್ದೆ.